ನಾಲ್ಕನೆಯ ಸಾಲಿನ ನೀಲಿ

ಮಣಿಗಾರರ ಕೇರಿ, ಹೊಳೆಯ ಪಡುವಣ ದಂಡೆ
ದೊರೆಯ ಆಳ್ವಿಕೆಯ ಹದಿನೇಳನೆಯ ವರ್ಷ, ಬೇಸಿಗೆಯ ಮೊದಲ ತಿಂಗಳು, ಎಂಟನೆಯ ದಿನ

ಪಡುವಣ ಲೋಕದಲ್ಲಿ ನೆಲೆಸಿರುವ, ಸತ್ತವರ ದೊರೆ ಒಸಿರಿಸನ ತಕ್ಕಡಿಯ ಮುಂದೆ ಸತ್ಯವಂತರೆನಿಸಿಕೊಂಡ ಮಣಿಗಾರ ಪಶೆದು ಅವರ ಸನ್ನಿಧಿಗೆ,

ನಿಮ್ಮ ಮಡದಿ ಹುನೆರೊ ಮಾಡುವ ವಂದನೆಗಳು. ಅಲ್ಲಿ ನಿಮಗೆ ಬಡಗಣ ಗಾಳಿ ತಂಪಾಗಿ ಬೀಸುತ್ತಿದೆಯೇ? ರೊಟ್ಟಿ, ನೀರು ಹೊತ್ತಿಗೆ ಸರಿಯಾಗಿ ಸೇರುತ್ತಿವೆಯೇ? ಪಡುವಣದ ಒಡತಿ ಹಾಥೋರ್ ತಾಯಿ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಲೆಂದು ದಿನವೂ ಬೇಡುತ್ತಿದ್ದೇನೆ.

ನಾನು ನಿಮ್ಮ ಮನೆ ಸೇರಿದಂದಿನಿಂದ ನಿಮಗೆ ಎದುರಾಡಿದವಳಲ್ಲ. ನೀವು ತೀರಿಕೊಂಡಾಗ ಎಪ್ಪತ್ತು ದಿನ ತಲೆಗೆ ಮಣ್ಣು ಸುರಿದುಕೊಂಡು ಅತ್ತಿದ್ದೇನೆ. ನಿಮ್ಮ ಮೈಗೆ ಮೆತ್ತನೆಯ ನಾರುಬಟ್ಟೆಯನ್ನೇ ಸುತ್ತಿಸಿದ್ದೇನೆ. ನೀವು ನಿಮಗಾಗಿಯೇ ಮಾಡಿಟ್ಟುಕೊಂಡಿದ್ದ ಐದು ಸಾಲಿನ ಕಂಠಿಯನ್ನು ನನ್ನ ಕೈಯಾರೆ ಪೋಣಿಸಿ ಎದೆಯ ಮೇಲಿಟ್ಟು ಕಳಿಸಿದ್ದೇನೆ. ಅದರಲ್ಲಿ ಒಂದು ಮಣಿಯೂ ಕಡಿಮೆಯಿರಲಿಲ್ಲ.

ಹೀಗಿರುವಾಗ ನೀವು ನಮ್ಮ ಮಗಳು ತಮಿತಳ ಮನೆಯ ಹೊಸಿಲಲ್ಲಿ ಬಂದು ಕುಳಿತಿರುವುದು ಏಕೆ? ಎರಡು ಬಾರಿ ಅವಳ ಹೊಟ್ಟೆಯ ಕೂಸು ನಿಲ್ಲಲಿಲ್ಲ. ಈಗ ಮೂರನೆಯದು, ಏಳು ತಿಂಗಳು. ದಯವಿಟ್ಟು ಅಲ್ಲಿಂದ ಎದ್ದು ನಿಮ್ಮ ಜಾಗಕ್ಕೆ ಹಿಂದಿರುಗಬೇಕು. ಕೂಸಿಗೆ ದಾರಿ ಬಿಡಬೇಕು.

ಹೀಗೆಂದು ಹುನೆರೊ ಹೇಳಿದಳು. ಲಿಪಿಕಾರ ಮಹು ಬರೆದನು.

ಬೇಸಿಗೆಯ ಎರಡನೆಯ ತಿಂಗಳು, ಕಣಿವೆಯ ಹಬ್ಬದ ಹಿಂದಿನ ದಿನ

ಪಶೆದು,

ಇನ್ನು ಮುಂದಿನದು ನನ್ನ ಕೈಬರಹ. ಮಣಿಪೆಟ್ಟಿಗೆಗಳಿಗೆ ಗುರುತು ಹಾಕಲೆಂದು ಒಡೆದ ಮಡಕೆಯ ಚೂರಿನ ಮೇಲೆ ನೀನು ಕಲಿಸಿದ ಅಕ್ಷರ. ನಾನು ಬರೆದ ಗೂಬೆಯ ಅಕ್ಷರ ಕೋಳಿಯಂತಿದೆ ಎಂದು ನಗುತ್ತಿದ್ದೆಯಲ್ಲ, ಈಗಲೂ ಅದು ಕೋಳಿಯೇ. ನಿಧಾನವಾಗಿ ಓದಿಕೋ.

ಮೇಲೆ ನಿನ್ನನ್ನು ‘ನೀವು’ ಎಂದು ಕರೆದದ್ದು ಮಹು. ನಾನು ‘ನೀನು’ ಎಂದು ಹೇಳುತ್ತಿದ್ದರೆ ಅವನು ಲೇಖನಿ ನಿಲ್ಲಿಸಿ, “ದೊಡ್ಡಮ್ಮಾ, ಸತ್ತೋರು ದೊಡ್ಡೋರು. ಏಕವಚನ ಚೆನ್ನಾಗಿರಲ್ಲ” ಅಂದ. “ಬದುಕಿದ್ದಾಗ ಹೋಗೋ ಬಾರೋ ಅಂತಿದ್ದೆ. ಸತ್ತ ತಕ್ಷಣ ದೊಡ್ಡೋನಾಗ್ಬಿಟ್ನಾ?” ಅಂದೆ. “ಸಾಯೋದಕ್ಕಿಂತ ದೊಡ್ಡ ಕೆಲಸ ಇನ್ನೇನಿದೆ ಬಿಡು” ಎಂದು ಹೇಳಿ ತನಗೆ ತೋಚಿದಂತೆ ಬರೆದ. ಬರೆದದ್ದನ್ನು ಓದಿಸಿ ಕೇಳಿ, ಸುರುಳಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟೆ. ನಿನ್ನ ಸಮಾಧಿಗೆ ಒಯ್ದು ಇಡುವ ಧೈರ್ಯ ಬರಲಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನೋಡು. ಕಂಠಿಯಲ್ಲಿ ಒಂದು ಮಣಿಯೂ ಕಡಿಮೆಯಿರಲಿಲ್ಲ. ಮಣಿಗಳು ಬೇರೆಯಿದ್ದವು, ಅಷ್ಟೆ.

ಅದು ನಿನಗೆ ಗೊತ್ತಾಗಿದೆ ಎಂದು ನನಗೆ ಕನಸಿನಿಂದ ತಿಳಿಯಿತು.

ಊರೆಲ್ಲ ಬಾಗಿಲು ಮುಂದು ಮಾಡಿ ಮಲಗುವ ಮಟಮಟ ಮಧ್ಯಾಹ್ನ ನನಗೂ ಕಣ್ಣೆಳೆಯುತ್ತದೆ. ಆಗ ನೀನು ಬರುತ್ತೀಯ. ಮಣಿ ಸುಡುವ ಆವಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತೀಯ, ಮೊಣಕೈವರೆಗೆ ಬೆಣಚುಕಲ್ಲಿನ ಪುಡಿಯ ಬಿಳುಪು. ಹೊಳೆ ಆವಿಗೆಯವರೆಗೂ ಬಂದಿರುತ್ತದೆ. ಮಹಾ ನೆರೆಯ ವರ್ಷದಲ್ಲೂ ಅದು ಅಷ್ಟು ಮೇಲಕ್ಕೆ ಬಂದದ್ದಿಲ್ಲ. ಬೆಂಕಿ ಆರದೆ ನೀರಿನೊಳಗೇ ಉರಿಯುತ್ತದೆ, ಅದರ ಸುತ್ತ ಮೀನುಗಳು ನಿಂತುಕೊಂಡು ನೋಡುತ್ತವೆ. ನಿನ್ನ ಕೊರಳಲ್ಲಿ ಕಂಠಿ. ನಾಲ್ಕನೆಯ ಸಾಲಿರಬೇಕಾದ ಕಡೆ ಬರೀ ದಾರ. ಅದನ್ನು ಬೆರಳಿನಿಂದ ಸವರಿ ಸವರಿ ನೋಡಿಕೊಳ್ಳುತ್ತೀಯ. ನಾನು ಕರೆದರೂ ತಿರುಗುವುದಿಲ್ಲ. ಎಚ್ಚರವಾದಾಗ ನನ್ನ ಬಾಯಲ್ಲಿ ಸತ್ತವರ ಮೈ ಒಣಗಿಸುವ ಚೌಳುಪ್ಪಿನ ರುಚಿ ಇರುತ್ತದೆ.

ಹತ್ತು ದಿನ ಒಂದೇ ಕನಸು ಬಿದ್ದ ಮೇಲೆ ಗುಡ್ಡದ ಆಚೆಯ ಬಲ್ಲವಳ ಹತ್ತಿರ ಹೋದೆ. ಅವಳು ಬೋಗುಣಿಯ ನೀರಿನ ಮೇಲೆ ಎಣ್ಣೆ ಬಿಟ್ಟು ಬಹಳ ಹೊತ್ತು ನೋಡಿದಳು. “ನಿನ್ ಗಂಡ ಮಗಳ ಹೊಸಿಲ ಮೇಲೆ ಕೂತವ್ನೆ ಕಣೆ. ಅವನ್ದೇನಾರ ಇಟ್ಕೊಂಡಿದ್ದೀಯಾ?” ಎಂದು ಕೇಳಿದಳು. “ನಾನ್ಯಾಕೆ ಇಟ್ಕೊಳ್ಲಿ ತಾಯಿ, ಎಲ್ಲಾ ಜೊತೇಲೇ ಕಳಿಸಿದೀನಿ” ಅಂದೆ. ಅವಳು ನನ್ನ ಮುಖ ನೋಡದೆ ಬೋಗುಣಿಯನ್ನು ಚೆಲ್ಲಿ, “ಹಂಗಾರೆ ಒಂದು ಕಾಗದ ಬರೆಸು. ಸುಳ್ಳಿಲ್ದಂಗೆ ಬರೆಸು” ಅಂದಳು. ಬರೆಸಿದೆ. ಹೇಗೆ ಬರೆಸಿದೆ ಎಂದು ಮೇಲೆಯೇ ಓದಿದ್ದೀಯ.

ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಿನ್ನ ದೇಹ ಚೌಳುಪ್ಪಿನಲ್ಲಿ ಮಲಗಿದ್ದ ಆ ದಿನಗಳಲ್ಲಿ ನಾನು ಕಂಠಿ ಪೋಣಿಸಲು ಕೂತೆ. ಐದು ಕುಡಿಕೆಗಳಲ್ಲಿ ಐದು ಸಾಲಿನ ಮಣಿ ಬೇರೆಬೇರೆಯಾಗಿ ಇಟ್ಟಿದ್ದೆ ನೀನು. ಮೂರು ಸಾಲು ಮುಗಿಸಿದೆ. ನಾಲ್ಕನೆಯ ಕುಡಿಕೆಯ ಮುಚ್ಚಳ ತೆಗೆದಾಗ ನನ್ನ ಕೈ ನಿಂತಿತು. ಆ ನೀಲಿ ಅದರಲ್ಲಿತ್ತು. ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೂ ಆಕಾಶದಲ್ಲಿ ಕೊಂಚ ಹೊತ್ತು ನಿಂತಿರುತ್ತದಲ್ಲ, ಯಾರೂ ಹೆಸರಿಟ್ಟಿಲ್ಲದ ಒಂದು ಬಣ್ಣ, ಅದು. ನಿನ್ನ ಇಡೀ ಜೀವಮಾನದಲ್ಲಿ ಒಂದೇ ಒಂದು ಆವಿಗೆಯಲ್ಲಿ ಬಂದದ್ದು. ಬೇರೆ ಮಣಿಗಳೆಲ್ಲ ದೇವಾಲಯಕ್ಕೆ ಹೋದವು. ಈ ಒಂದು ಸಾಲಿನಷ್ಟನ್ನು ಮಾತ್ರ ನೀನು ಉಳಿಸಿಕೊಂಡಿದ್ದೆ ಎಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಯಾವ ಆವಿಗೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಹಿರಿಮಗಳು ತಿಯಾ ಸತ್ತ ದಿನದ್ದು.

ಹತ್ತೊಂಬತ್ತು ವರ್ಷ ನಾವಿಬ್ಬರೂ ಆ ದಿನದ ಬಗ್ಗೆ ಮಾತಾಡಲಿಲ್ಲ. ಇವತ್ತು ನಾನು ಆಡುತ್ತೇನೆ. ತಮಿತ್ ಆಗ ಅಂಬೆಗಾಲಿಡುತ್ತಿದ್ದಳು. ತಿಯಾಗೆ ಆರು ವರ್ಷ. ಹಿತ್ತಿಲ ಗೋಡೆಯ ಸಂದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದೆ ಎಂದು ಕೈ ಹಾಕಿದಳು. ಅಲ್ಲಿದ್ದದ್ದು ಚೇಳು. ಬೆಳಗಿನ ರೊಟ್ಟಿ ಇನ್ನೂ ಬೂದಿಯಲ್ಲಿತ್ತು. ಪಕ್ಕದ ಮನೆಯ ಹೆನುತಳನ್ನು ನಿನ್ನ ಹತ್ತಿರ ಓಡಿಸಿದೆ. ಬೆಂಕಿ ಹಾಕಿದ ದಿನ ಹೆಂಗಸರು ಆವಿಗೆಯ ಅಂಗಳಕ್ಕೆ ಕಾಲಿಡುವಂತಿಲ್ಲವಲ್ಲ, ಅವಳು ಬೇಲಿಯ ಹೊರಗೆ ನಿಂತು ಹೇಳಿ ಬಂದಳು. ನೀನು ಬರಲಿಲ್ಲ. ಇನ್ನೊಮ್ಮೆ ಓಡಿಸಿದೆ. ಬರಲಿಲ್ಲ. ಮಂತ್ರದವನು ಬಂದು ಕೈಗೆ ಗಂಟು ಹಾಕಿದ, ಜವೆಯ ಹೆಂಡದಲ್ಲಿ ಬೇರು ತೇದು ಕುಡಿಸಿದ. ಅವಳು ನನ್ನ ತೊಡೆಯ ಮೇಲೆ ಮಲಗಿ “ಅಪ್ಪ ಬಂದ್ನಾ?” ಎಂದು ಕೇಳುತ್ತಲೇ ಇದ್ದಳು. ಬರ್ತಾನೆ ಎಂದೆ. ಬರ್ತಾ ಇದಾನೆ ಎಂದೆ. ಹೊತ್ತು ನೆತ್ತಿಗೆ ಬಂದಾಗ ಕೇಳುವುದನ್ನು ನಿಲ್ಲಿಸಿದಳು.

ಮೂರನೆಯ ಬಾರಿ ಹೆನುತ್ ಹೋಗಿ ಬಂದ ಮೇಲೆ ನೀನು ಓಡಿ ಬಂದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕಾದ ಮರಳಲ್ಲಿ ಪಾದ ಬೊಕ್ಕೆಯೆದ್ದಿತ್ತು. ಮೈಯೆಲ್ಲ ಬೂದಿ. ನಾನು ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಕೇಳಿದೆ: “ನಿನ್ನ ಮಣಿ ಬೆಂದವಾ?”

ನೀನು ಉತ್ತರ ಕೊಡಲಿಲ್ಲ. ಆಮೇಲೂ ಕೊಡಲಿಲ್ಲ. ಎರಡು ದಿನ ಬಿಟ್ಟು ಆವಿಗೆ ತಣಿದು ಬಾಯಿ ತೆರೆದಾಗ ಆ ನೀಲಿ ಬಂದಿತ್ತು. ದೇವಾಲಯದ ಮೇಲಧಿಕಾರಿ ನಿನ್ನ ಬೆನ್ನು ತಟ್ಟಿದನಂತೆ, ಊರೆಲ್ಲ ಅದನ್ನು ನೋಡಲು ಹೋಯಿತಂತೆ. ನಾನು ಹೋಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ನಿನಗೆ ಅಡುಗೆ ಮಾಡಿ ಬಡಿಸಿದೆ, ನೀನು ಮಾಡಿದ ಮಣಿಗಳನ್ನು ಪೋಣಿಸಿದೆ, ಒಂದೇ ಚಾಪೆಯಲ್ಲಿ ಮಲಗಿದೆ. ನಕ್ಕಿದ್ದೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರತಿ ಬಾರಿ ನೀನು ಆವಿಗೆಗೆ ಹೊರಟಾಗ ನಾನು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ನೀನು ಆ ಬಣ್ಣವನ್ನು ಮತ್ತೆ ಹುಡುಕುತ್ತಿದ್ದೀಯ, ಅದಕ್ಕೇ ಅಷ್ಟು ಹೊತ್ತು ಅಲ್ಲಿರುತ್ತೀಯ ಎಂದುಕೊಳ್ಳುತ್ತಿದ್ದೆ. ಸಿಗದಿರಲಿ ಎಂದು ಹರಸಿಕೊಂಡದ್ದೂ ಉಂಟು.

ಹಾಗಾಗಿ ಆ ಕುಡಿಕೆ ತೆರೆದಾಗ ನನಗೆ ಅನ್ನಿಸಿದ್ದು ಇಷ್ಟೇ: ಆ ದಿನದ ಗಳಿಕೆಯನ್ನು ಎದೆಯ ಮೇಲೆ ಹೇರಿಕೊಂಡು ದೇವರ ಮುಂದೆ ನಿಲ್ಲುತ್ತಾನಾ ಇವನು? ನಿಲ್ಲಬೇಡ ಎಂದುಕೊಂಡೆ. ಸಂತೆಯಲ್ಲಿ ಎಲ್ಲ ಹೆಂಗಸರೂ ಕೊಳ್ಳುವ ಪಾಚಿ ಬಣ್ಣದ ಮಣಿಗಳನ್ನು ಎಣಿಸಿ ಅಷ್ಟೇ ತಂದು ನಾಲ್ಕನೆಯ ಸಾಲು ಮುಗಿಸಿದೆ. ಐದನೆಯದನ್ನೂ ಪೋಣಿಸಿ, ಎರಡೂ ಕೊನೆಗೆ ಗಿಡುಗನ ತಲೆಯ ಕೊಂಡಿಗಳನ್ನು ಕಟ್ಟಿದೆ. ಯಾರಿಗೂ ತಿಳಿಯಲಿಲ್ಲ. ನೀಲಿಯ ಕುಡಿಕೆಯನ್ನು ಜವೆಗೋಧಿಯ ಕಣಜದ ತಳದಲ್ಲಿ ಹೂತಿಟ್ಟೆ. ಅದನ್ನು ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ನಿನ್ನ ಹತ್ತಿರ ಅದು ಇರಕೂಡದು, ಅಷ್ಟೇ ಬೇಕಿತ್ತು.

ಮಹು ಕಾಗದ ಬರೆದುಕೊಟ್ಟ ಮೇಲೆ ಕನಸು ನಿಲ್ಲಲಿಲ್ಲ. ತಮಿತಳ ಕಾಲು ಊದಿಕೊಂಡವು. ಅವಳ ಗಂಡ ಕೆನ್ನ ಹೊಳೆಗೆ ಬಲೆ ಹಾಕಲು ಹೋಗುವುದನ್ನೂ ಬಿಟ್ಟು ಅವಳ ತಲೆಯ ಹತ್ತಿರ ಕೂತಿರುತ್ತಿದ್ದ. ಒಂದು ದಿನ ಅವಳು, “ಅವ್ವಾ, ಅಪ್ಪ ಕೆತ್ತಿದ್ದ, ಬಸುರಿಯರನ್ನ ಕಾಯೋ ತಾವೆರೆತ್ ತಾಯಿಯ ಅಚ್ಚು ಆವಿಗೇಲಿ ಇನ್ನೂ ಇರ್ಬೋದು. ಅದರಲ್ಲಿ ಒಂದು ಬೊಂಬೆ ಒತ್ತಿಸ್ಕೊಂಡು ಬಾ. ಅಪ್ಪನ ಕೈಯದ್ದು ಏನಾದ್ರೂ ನನ್ನ ಮೈಮೇಲಿರ್ಲಿ” ಅಂದಳು. ನನ್ನ ಕಣಜದ ತಳದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಹೊರಟೆ.

ಆವಿಗೆಯಲ್ಲಿ ಈಗ ನಿನ್ನ ಜಾಗದಲ್ಲಿ ನಿನ್ನ ಗೆಳೆಯ ನಖಿ ಇದ್ದಾನೆ. ಹೊಗೆಗೆ ಅವನ ಕಣ್ಣು ಹೋಗುತ್ತಾ ಬಂದಿದೆ, ಹೆಜ್ಜೆಯ ಸದ್ದಿನಲ್ಲೇ ಗುರುತಿಸಿ, “ಏನತ್ತಿಗೆ, ದಾರಿ ತಪ್ಪಿ ಬಂದ್ರಾ? ಇಪ್ಪತ್ತು ವರ್ಷದಲ್ಲಿ ಈ ಕಡೆ ತಲೆ ಹಾಕಿದ್ದೇ ಇಲ್ವಲ್ಲ” ಅಂದ. ಅಚ್ಚು ಹುಡುಕಿ ಕೊಟ್ಟ. ತಾನೇ ಬೆಣಚುಕಲ್ಲಿನ ಹಿಟ್ಟು ನಾದಿ ಒತ್ತತೊಡಗಿದ. ಹೆಬ್ಬೆರಳಿನಿಂದ ತಾಯಿಯ ದಪ್ಪ ಹೊಟ್ಟೆಯನ್ನು ನೇವರಿಸಿ ನುಣುಪು ಮಾಡುತ್ತಿದ್ದ. ನಾನು ಏಕೆ ಹಾಗೆ ಮಾಡಿದೆನೋ, ಸೆರಗಿನ ಗಂಟಿನಲ್ಲಿ ಒಯ್ದಿದ್ದ ಒಂದು ನೀಲಿ ಮಣಿಯನ್ನು ಅವನ ಅಂಗೈಯಲ್ಲಿಟ್ಟು, “ಇದನ್ನ ಹುಡುಕ್ತಾ ಹುಡುಕ್ತಾನೇ ಸತ್ತ ನಿನ್ ಗೆಳೆಯ” ಅಂದೆ.

ನಖಿ ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ನೋಡಿದನೋ ಸವರಿದನೋ, ಗುರುತು ಸಿಕ್ಕಿತು.

“ಹುಡುಕಿದ್ನಾ? ಯಾರು ಹೇಳಿದ್ದು? ಅವನಿಗೆ ಗೊತ್ತಿತ್ತು ಅತ್ತಿಗೆ. ತಾಮ್ರದ ಪುಡಿ ಎಷ್ಟು, ಸುಣ್ಣ ಎಷ್ಟು, ಬೆಂಕಿ ಎಷ್ಟು ಹೊತ್ತು, ಎಲ್ಲಾ ಮಡಕೆ ಚೂರಿನ ಮೇಲೆ ಬರ್ಕೊಂಡಿದ್ದ. ಆವಿಗೆ ಬಾಯಿ ತೆಗೆದ ದಿನಾನೇ ಆ ಚೂರನ್ನ ಕಲ್ಲಿಗೆ ಇಟ್ಟು ಜಜ್ಜಿ ಪುಡಿ ಮಾಡ್ದ. ಮೇಲಧಿಕಾರಿ ಎಷ್ಟು ಸಲ ಬಡ್ದ ಗೊತ್ತಾ, ಇನ್ನೊಂದು ಸಲ ಮಾಡು ಅಂತ? ಮರ್ತೋಯ್ತು ಸ್ವಾಮಿ, ಮರ್ತೋಯ್ತು ಸ್ವಾಮಿ ಅಂತ ಬೆನ್ನು ಕೊಡ್ತಿದ್ದ.”

ನಿನ್ನ ಬೆನ್ನಿನ ಮೇಲೆ ಆಗಾಗ ಬಾಸುಂಡೆ ಕಾಣುತ್ತಿತ್ತು. ಕಟ್ಟಿಗೆ ಹೊರೆ ಜಾರಿತು ಎನ್ನುತ್ತಿದ್ದೆ. ನಾನು ಎಣ್ಣೆ ಹಚ್ಚುತ್ತಿದ್ದೆ. ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

“ಹಾಗಾದ್ರೆ ಅವತ್ತು ಯಾಕೆ ಬರ್ಲಿಲ್ಲ?” ಅಂದೆ. ಹತ್ತೊಂಬತ್ತು ವರ್ಷ ನಿನ್ನನ್ನು ಕೇಳಬೇಕಿದ್ದ ಮಾತು. ಅವನನ್ನು ಕೇಳಿದೆ.

ನಖಿ ಅಚ್ಚನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. “ಅವನಿಗೆ ಗೊತ್ತಾಗ್ಲಿಲ್ಲ ಅತ್ತಿಗೆ. ಬೇಲಿ ಹತ್ರ ಇದ್ದೋನು ನಾನು. ಹೆನುತ್ ಬಂದು ಮಗೂಗೆ ಹುಷಾರಿಲ್ಲ, ಬೇಗ ಬರ್ಬೇಕಂತೆ ಅಂದ್ಲು. ಚೇಳು ಅಂದ್ಲೋ ಇಲ್ವೋ, ಉಸಿರು ಕಟ್ತಿತ್ತು ಅವಳಿಗೆ, ನಂಗೆ ಕೇಳಿಸ್ಲಿಲ್ಲ. ಮಕ್ಕಳಿಗೆ ಜ್ವರ ಬರೋದು ಇದ್ದಿದ್ದೇ ಅಂದ್ಕೊಂಡೆ. ಬೆಂಕಿ ಬಿಟ್ಟು ಅವ್ನು ಎದ್ದು ಹೋದ್ರೆ ದೇವಾಲಯದ ಮಣಿ ಎಲ್ಲಾ ಹಾಳು, ಇಬ್ರಿಗೂ ಏಟು. ಹೇಳ್ತೀನಿ ಹೋಗು ಅಂದು ಕಳಿಸ್ದೆ. ಎರಡನೇ ಸಲಾನೂ ಹಾಗೇ ಅಂದೆ. ಮೂರನೇ ಸಲ ಅವಳು ಬೇಲಿ ಹಾರಿ ಒಳಗೇ ಬಂದ್ಲು. ಅವಳ ಮುಖ ನೋಡಿದ್ದೇ ತಡ ಅವ್ನು ಓಡ್ದ. ಆಮೇಲೆ ನಾನೇ ಬೆಂಕಿ ನೋಡ್ಕೊಂಡೆ. ಅವ್ನು ಹೇಳಿದ್ದ ಲೆಕ್ಕದಲ್ಲೇ ಕಟ್ಟಿಗೆ ಹಾಕ್ತಾ ಹೋದೆ. ಆ ನೀಲಿ ಬಂತು.”

ಅವತ್ತು ಬೆಂಕಿ ಹಾಕಿರದ ಆವಿಗೆಯ ಬಾಯಿಯನ್ನೇ ನೋಡಿದೆ. ನನಗೇಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ.

“ನಾನು ಹೇಳ್ತೀನಿ ಅಂತ ಹೊರಟಿದ್ದೆ. ಅವ್ನೇ ತಡೆದ. ಅವಳಿಗೆ ಸಿಟ್ಟು ಮಾಡ್ಕೊಳ್ಳೋಕೆ ಒಬ್ರು ಬೇಕು, ಅದು ನಾನೇ ಆಗಿರ್ಲಿ, ಅಂದ. ನಿನ್ನ ಹೆಸರು ಬಂದ್ರೆ ನಿನ್ನ ಹೆಂಡ್ತಿ ಮಕ್ಕಳನ್ನ ಈ ಕೇರಿ ಬಾಳ್ಸಲ್ಲ ಅಂದ. ಅತ್ತಿಗೆ, ಹೊಡೀರಿ ಬೇಕಾದ್ರೆ. ಹೊಡ್ದುಬಿಡಿ.”

ಹೊಡೆಯಲಿಲ್ಲ. ಮಣಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿ, ಒದ್ದೆ ಬೊಂಬೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಎದ್ದು ಬಂದೆ. ಸುಡದ ಬೊಂಬೆ, ಮನೆ ಸೇರುವಷ್ಟರಲ್ಲಿ ನನ್ನ ಬೆರಳಿನ ಗುರುತೆಲ್ಲ ಅದರ ಮೇಲೆ ಬಿದ್ದಿತ್ತು. ಹಾಗೆಯೇ ತಮಿತಳ ತಲೆಯ ಹತ್ತಿರ ಇಟ್ಟೆ.

ಪಶೆದು, ನಿನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ. ಹಳೆಯದಲ್ಲ, ಬೇರೆಯದು. ನನ್ನ ಸಿಟ್ಟನ್ನು ಯಾರ ಮೇಲೆ ಇಡಬೇಕೆಂದು ತೀರ್ಮಾನಿಸಲು ನೀನು ಯಾರು? ನೀನು ಒಂದು ಮಾತು ಹೇಳಿದ್ದರೆ ನಾನು ನಖಿಯ ಮನೆಯ ಮುಂದೆ ನಿಂತು ಕೂಗಾಡಿ, ಮಣ್ಣು ಎರಚಿ, ಆಮೇಲೆ ನಿನ್ನ ಹತ್ತಿರ ಬಂದು ಅಳುತ್ತಿದ್ದೆ. ಇಬ್ಬರೂ ಕೂಡಿ ಅಳುತ್ತಿದ್ದೆವು. ನೀನು ಅದನ್ನೂ ಒಬ್ಬನೇ ಹೊತ್ತುಕೊಂಡೆ, ನನ್ನ ಪಾಲನ್ನೂ ಕಸಿದುಕೊಂಡೆ. ನಾನೋ, ಸತ್ತವನ ಎದೆಯ ಮೇಲಿಂದ, ಆ ನೀಲಿಯಲ್ಲಿದ್ದ ಅವನ ಮಗಳನ್ನು ಎತ್ತಿಟ್ಟುಕೊಂಡೆ. ಯಾರ ತಪ್ಪು ಹೆಚ್ಚಿನದು ಎಂದು ಅಲ್ಲಿಯ ತಕ್ಕಡಿಯನ್ನೇ ಕೇಳು. ನನಗೆ ತಿಳಿಯುತ್ತಿಲ್ಲ.

ಆ ವಾರವೇ ತಮಿತಳಿಗೆ ನೋವು ಶುರುವಾಯಿತು, ದಿನ ತುಂಬುವ ಮುಂಚೆ. ಅವಳ ಮನೆಯ ಹಿತ್ತಿಲಲ್ಲಿ ಬಳ್ಳಿ ಹಬ್ಬಿಸಿದ ಚಪ್ಪರದ ಕೆಳಗೆ ಹೆರಿಗೆಯ ಇಟ್ಟಿಗೆಗಳನ್ನಿಟ್ಟು ಕೂರಿಸಿದೆವು. ಹೆನುತ್ ಸೂಲಗಿತ್ತಿ. ಒಂದು ದಿನ ಕಳೆಯಿತು. ಇನ್ನೊಂದು ಬೆಳಗಾಯಿತು. ಕೂಸು ಇಳಿಯಲಿಲ್ಲ. ಹೆನುತ್ ನನ್ನನ್ನು ಬದಿಗೆ ಕರೆದು, “ಇನ್ನು ದೇವರೇ ಗತಿ ಕಣೆ” ಎಂದು ಮೆಲ್ಲಗೆ ಹೇಳಿ ಕಣ್ಣು ತಪ್ಪಿಸಿದಳು.

ಮಧ್ಯಾಹ್ನದ ಹೊತ್ತು. ಗಾಳಿ ಇರಲಿಲ್ಲ, ಬಳ್ಳಿಯ ಎಲೆಗಳು ಗೋಡೆಗೆ ಬರೆದಂತೆ ನಿಂತಿದ್ದವು. ತಮಿತ್ ನನ್ನ ಭುಜಕ್ಕೆ ತಲೆಯಿಟ್ಟು ಅರೆಗಣ್ಣಾಗಿದ್ದಳು. ಇದ್ದಕ್ಕಿದ್ದಂತೆ ಹಿತ್ತಿಲ ಬಾಗಿಲ ಕಡೆ ನೋಡಿ, ನೋವೇ ಇಲ್ಲದವಳ ದನಿಯಲ್ಲಿ, “ಅವ್ವಾ, ಅಪ್ಪ ಹೊರಗೇ ಕೂತಿದಾನೆ. ಕೈಯೆಲ್ಲ ಬಿಳೀ ಆಗಿದೆ. ಪಾಪ, ಒಳಗೆ ಬಾ ಅನ್ನು” ಅಂದಳು.

ನಾನು ಬಾಗಿಲನ್ನು ನೋಡಿದೆ. ಬಿಸಿಲು ಮಾತ್ರ ಕಾಣಿಸಿತು. ಅಲ್ಲಿ ಬಿಸಿಲಿಗೆ ಒಂದು ಅಲೆ ಇತ್ತು, ಆವಿಗೆಯ ಬಾಯಿಯ ಮುಂದೆ ಗಾಳಿ ನಡುಗುತ್ತದಲ್ಲ, ಹಾಗೆ. ನಾನು ಅವಳನ್ನು ಹೆನುತಳ ತೋಳಿಗೆ ಕೊಟ್ಟು ನನ್ನ ಮನೆಗೆ ಓಡಿದೆ. ಕಣಜಕ್ಕೆ ಭುಜದವರೆಗೆ ಕೈ ಹಾಕಿ ಕುಡಿಕೆ ತೆಗೆದೆ. ಗಡಿಬಿಡಿಯಲ್ಲಿ ಜವೆಯೆಲ್ಲ ನೆಲಕ್ಕೆ ಚೆಲ್ಲಿತು. ನನ್ನ ಬೆರಳುಗಳಿಗೆ ಪೋಣಿಸುವುದೊಂದು ಬರುತ್ತದಲ್ಲ, ಅವು ನನ್ನನ್ನು ಕೇಳದೆ ಪೋಣಿಸಿದವು. ಒಂದು ಮಣಿಯೂ ಕೈ ಜಾರಲಿಲ್ಲ. ಆ ಸಾಲನ್ನು ತಂದು ತಮಿತಳ ಹೊಟ್ಟೆಯ ಸುತ್ತ ಕಟ್ಟಿದೆ. ಆಮೇಲೆ ಬಾಗಿಲ ಹತ್ತಿರ ಹೋಗಿ ನಿಂತೆ. ಅಡ್ಡ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು ನಿಂತೆ. “ಬಾ, ಪಶೆದು. ಒಳಗೆ ಬಾ” ಅಂದೆ. ಹೆನುತ್, ಕೆನ್ನ, ಎಲ್ಲರ ಎದುರಿಗೂ ಗಟ್ಟಿಯಾಗಿ ಅಂದೆ. ನನ್ನ ತೋಳಿಗೆ ತಾಗಿ ಏನೋ ತಣ್ಣಗೆ ಹೋಯಿತು. ಬಡಗಣ ಗಾಳಿ ಬೀಸಿತು ಎಂದು ಕೆನ್ನ ಹೇಳುತ್ತಾನೆ. ಇರಬಹುದು.

ಬಳ್ಳಿಯ ಎಲೆಗಳು ಅಲ್ಲಾಡಿದವು. ತಮಿತ್ ಕೂಗಿದಳು. ನೆರಳು ಗೋಡೆಯ ಬುಡ ಮುಟ್ಟುವ ಮುಂಚೆ ಕೂಸು ಹೆನುತಳ ಕೈಯಲ್ಲಿತ್ತು. ಹೆಣ್ಣು. ಸಣ್ಣದು, ಹೊಳೆಯ ಮೀನಿನಷ್ಟು ಹಗುರ, ಆದರೆ ಮಹಾ ಕೋಪಿಷ್ಠೆ. ಹುಟ್ಟಿದೊಡನೆ ಅತ್ತ ರೀತಿಗೆ ಕೇರಿಯ ನಾಯಿಗಳೆಲ್ಲ ಬೊಗಳಿದವು. “ಅಜ್ಜಿಯ ಗಂಟಲು ಬಂದಿದೆ” ಅಂದಳು ಹೆನುತ್. ಎರಡು ದಿನದಲ್ಲಿ ಮೊದಲ ಸಲ ಎಲ್ಲರೂ ನಕ್ಕೆವು.

ತಿಯಾ ಎಂದೇ ಹೆಸರಿಡೋಣ ಎಂದಳು ತಮಿತ್. ನಾನು ಬೇಡವೆಂದೆ. ಆ ಹೆಸರಿನವಳು ಒಬ್ಬಳಿದ್ದಾಳೆ, ನಿನ್ನ ಹತ್ತಿರ. ಇವಳು ತನ್ನದೇ ಹೆಸರಲ್ಲಿ ಬೆಳೆಯಲಿ. ಬಕೆತ್ ಎಂದು ಇಟ್ಟಿದ್ದೇವೆ. ಇವತ್ತಿಗೆ ಹನ್ನೊಂದು ದಿನ. ಹಾಲು ಕುಡಿಯುತ್ತಾಳೆ, ಉಸಿರಾಡುತ್ತಾಳೆ, ಬೈಯುತ್ತಾಳೆ.

ತನ್ನ ಮೈಮೇಲೆ ಕಟ್ಟಿದ್ದು ಎಲ್ಲಿಯದೆಂದು ತಮಿತ್ ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ನಿನಗೆ ಈಗ ಹೇಳಿದ ಕ್ರಮದಲ್ಲೇ. ಅವಳು ಮಣಿಗಳನ್ನು ಸವರುತ್ತಾ, “ನಂಗೆ ಅಕ್ಕನ ಮುಖ ನೆನಪಿಲ್ಲ, ಅದೊಂದೇ ಬೇಜಾರು” ಅಂದಳು. ಆಮೇಲೆ ತಾನೇ ದಾರ ಬಿಚ್ಚಿ ಮಣಿಗಳನ್ನು ನನ್ನ ಮಡಿಲಿಗೆ ಹಾಕಿ, “ಅಪ್ಪಂದು ಅಪ್ಪಂಗೆ ಕೊಟ್ಬಿಡು” ಎಂದಳು.

ಹೊಳೆಯ ನೀರಿನಲ್ಲಿ ತೊಳೆದು, ಹೊಸ ನಾರಿನ ದಾರಕ್ಕೆ ಮೇಣ ಸವರಿ ಪೋಣಿಸಿದ್ದೇನೆ. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಿನ್ನ ಕೋಣೆಯ ಬಾಯಿ ಮುಚ್ಚಿಬಿಟ್ಟಿದೆ, ಎದೆಯ ಮೇಲೆ ಇಡಲು ಆಗುವುದಿಲ್ಲ. ಎಡೆ ಇಡುವ ಕಲ್ಲಿನ ಬುಡದಲ್ಲಿ ಹೂಳಿಸುತ್ತೇನೆ. ಅಲ್ಲಿಂದ ಕೈ ಚಾಚಿ ತೆಗೆದುಕೋ. ಪಾಚಿ ಮಣಿಗಳನ್ನು ಬಿಚ್ಚಿ ಎಸೆ. ಪೋಣಿಸಲು ಬಾರದಿದ್ದರೆ ಹಾಗೇ ಮುಷ್ಟಿಯಲ್ಲಿ ಹಿಡಿದುಕೋ. ನಿನ್ನ ಗಂಟು ಯಾವತ್ತೂ ನಿಲ್ಲುತ್ತಿರಲಿಲ್ಲ.

ನಾಳೆ ದೇವರ ದೋಣಿ ಹೊಳೆ ದಾಟುತ್ತದೆ. ಊರೆಲ್ಲ ಗುಡ್ಡ ಹತ್ತಿ ತಮ್ಮತಮ್ಮವರ ಜೊತೆ ಕೂತು ಉಣ್ಣುತ್ತದೆ. ನನಗೆ ಈ ವರ್ಷ ಬರಲಾಗುವುದಿಲ್ಲ. ಬಾಣಂತಿಯ ಹದಿನಾಲ್ಕು ದಿನ ಮುಗಿಯದೆ ಅವಳನ್ನು ಬಿಟ್ಟು ಹೊರಡುವಂತಿಲ್ಲ. ತಪ್ಪು ತಿಳಿಯಬೇಡ. ತಿಯಾಗೆ ಹೇಳು, ಅಪ್ಪ ಅವತ್ತು ದಾರಿಯಲ್ಲೇ ಇದ್ದ ಎಂದು ಅವ್ವನಿಗೆ ಈಗ ಗೊತ್ತಾಯಿತಂತೆ ಎಂದು ಹೇಳು.

ನೀನು ಕಲಿಸಿದ ಅಕ್ಷರದಲ್ಲಿ,
ನಿನ್ನ
ಹುನೆರೊ

ತಾ. ಕ.: ಈ ಕಾಗದ, ಮಣಿ, ನಿನ್ನ ಪಾಲಿನ ರೊಟ್ಟಿ ಎಲ್ಲವನ್ನೂ ಹೊತ್ತು ತರುತ್ತಿರುವವನು ನಖಿ. ನಾನೇ ಕರೆಸಿ ಒಪ್ಪಿಸಿದೆ. ನಿನ್ನನ್ನು ಮಣ್ಣು ಮಾಡಿದ ಮೇಲೆ ಅವನು ಆ ಗುಡ್ಡ ಹತ್ತಿಲ್ಲವಂತೆ, ಹೆದರಿಕೆಯಂತೆ. ಅವನಿಗೆ ಓದಲು ಬಾರದು. “ಇದರಲ್ಲಿ ನನ್ನ ಹೆಸರು ಇದ್ಯಾ ಅತ್ತಿಗೆ?” ಎಂದು ಕೇಳಿದ. ಇದೆ ಎಂದೆ. “ಬೈದಿದ್ದೀರಾ?” ಅಂದ. ರೊಟ್ಟಿಯ ಗಂಟನ್ನು ಅವನ ಹೆಗಲಿಗೆ ಏರಿಸಿದೆ. ನಾನು ಅವನನ್ನು ಕ್ಷಮಿಸಿಲ್ಲ, ಪಶೆದು. ನೀನು ಹೇಗೆ ಕ್ಷಮಿಸಿದೆಯೋ ನನಗೆ ಅರ್ಥವಾಗಿಲ್ಲ. ಅವನು ಕಲ್ಲಿನ ಮುಂದೆ ಕೂತು ಅತ್ತರೆ ಅಳಲು ಬಿಡು, ಅವಸರ ಮಾಡಬೇಡ. ಇಳಿದು ಬಂದ ಮೇಲೆ ಊಟಕ್ಕೆ ಇಲ್ಲಿಗೇ ಬಾ ಎಂದು ಹೇಳಿಬಿಟ್ಟಿದ್ದೇನೆ, ಬಾಯಿ ತಪ್ಪಿ ಬಂದುಬಿಟ್ಟಿತು. ಕೆನ್ನ ನಾಳೆ ಬೆಳಿಗ್ಗೆ ಹೊಳೆಯಿಂದ ಮೀನು ತರುತ್ತಾನೆ, ಈರುಳ್ಳಿ ಹಾಕಿ ಬೇಯಿಸುತ್ತೇನೆ. ನಖಿಗೆ ಮುಳ್ಳು ಕಾಣಿಸುವುದಿಲ್ಲ. ನಾನೇ ಆರಿಸಿ ಬಡಿಸಬೇಕು.